ಒಂದೇ ಸಲ ಕೇಳುವ ಊರು

"ಇನ್ನೊಂದ್ಸಲ ಕೇಳ್ಕೊಂಡ್ ಬಾ" ಎಂದು ಅಪ್ಪ ನನ್ನನ್ನು ರೇಷ್ಮೆ ಹುಳದ ಮನೆಗೆ ಕಳಿಸಿದ. "ನೀನ್ ಕೇಳಿದ್ರೆ ಒಪ್ಕೊಂತಾಳೆ. ನಾವು ಕೇಳೋ ಅಷ್ಟು ಕೇಳಿದ್ದಾಯ್ತು."

ಕೇಳಬೇಕಾಗಿದ್ದದ್ದು ಅತ್ತೆಯನ್ನು. ಅತ್ತೆ ಅಂದರೆ ಅಪ್ಪನ ಅಕ್ಕ. ಶ್ರೀನಿವಾಸಪುರದ ಕಡೆಗೆ ಮದುವೆಯಾಗಿ ಹೋದವಳು ಗಂಡ ತೀರಿಕೊಂಡ ಮೇಲೆ ಹೋಳೂರಿನ ನಮ್ಮ ಮನೆಗೇ ವಾಪಸ್ಸು ಬಂದಳು. ಅದು ನಾನು ಹುಟ್ಟುವುದಕ್ಕೆ ಮೊದಲಿನ ಮಾತು. ಅಮ್ಮ ಹೊಲ, ದನ ನೋಡಿಕೊಂಡರೆ ಅತ್ತೆ ರೇಷ್ಮೆ ಹುಳವನ್ನೂ ನನ್ನನ್ನೂ ಸಾಕಿದಳು. ಹುಳಕ್ಕೆ ಸೊಪ್ಪು ಹಾಕಿದ ಮೇಲೆಯೇ ನನಗೆ ತಿಂಡಿ ಸಿಗುತ್ತಿದ್ದದ್ದರಿಂದ ಇಬ್ಬರಲ್ಲಿ ಯಾರ ಮೇಲೆ ಪ್ರೀತಿ ಜಾಸ್ತಿ ಎಂದು ನಾನು ಆಗಾಗ ಜಗಳ ತೆಗೆಯುತ್ತಿದ್ದೆ.

ಈ ಸಲ ಯುಗಾದಿ ಕಳೆದ ಮೇಲೆ ಅತ್ತೆಗೆ ಊಟ ಸೇರದಾಯಿತು. ಕೋಲಾರದಲ್ಲಿ ತೋರಿಸಿದರು, ಅಲ್ಲಿಂದ ಬೆಂಗಳೂರಿಗೆ ಬರೆದುಕೊಟ್ಟರು. ಜಠರದ ಹಿಂದೆ ಗಡ್ಡೆ, ಕ್ಯಾನ್ಸರ್. ಆಪರೇಷನ್ ಮಾಡುವುದಾದರೆ ಈಗಲೇ ಮಾಡಬೇಕು, ತಡ ಮಾಡಿದರೆ ಮುಟ್ಟಲಿಕ್ಕೇ ಆಗುವುದಿಲ್ಲ ಎಂದರು ಡಾಕ್ಟರು. ಮಾಡಿದರೆ ಉಳಿಯುತ್ತಾಳೆ ಎಂದೇನೂ ಹೇಳಲಿಲ್ಲ. ಒಂದಿಷ್ಟು ಕಾಲ ಸಿಗಬಹುದು ಅಂದರು. ನಾನು ಜರ್ಮನಿಯಿಂದ ರಜ ಹಾಕಿ ಬಂದೆ. ನಾನು ನರ್ಸು. ಡಾಕ್ಟರು ಹೇಳದೆ ಬಿಟ್ಟ ಮಾತು ಕೂಡ ನನಗೆ ಅರ್ಥವಾಗುತ್ತಿತ್ತು, ಅದೇ ದೊಡ್ಡ ಕಷ್ಟ.

ಅತ್ತೆ ಆಪರೇಷನ್ ಬೇಡ ಅಂದಳು. ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಬೇಡ ಅನ್ನದ ಅತ್ತೆಯನ್ನು ಯಾರು ನೋಡಿದ್ದಾರೆ? ಕಾಫಿ ಕೊಟ್ಟರೆ ಬೇಡ, ಸೀರೆ ತಂದರೆ ಬೇಡ, ಫ್ಯಾನ್ ಹಾಕಲಾ ಅಂದರೂ ಬೇಡ. ಹಿಂದೊಮ್ಮೆ ಕಣ್ಣಿನ ಪೊರೆ ತೆಗೆಸೋಣ ಅಂದಾಗಲೂ ಬೇಡವೇ ಬೇಡ ಎಂದು ಕೂತಿದ್ದಳು. ಕೊನೆಗೆ ಹೋಗುವ ದಿನ ಬೆಳಿಗ್ಗೆ ನೋಡಿದರೆ ಎಲ್ಲರಿಗಿಂತ ಮೊದಲು ತಲೆ ಬಾಚಿಕೊಂಡು, ಒಳ್ಳೆ ಸೀರೆ ಉಟ್ಟು, ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲೇ ಹತ್ತಿ ಕೂತಿದ್ದಳು. ಈಗಲೂ ಹಾಗೇ ಆಗುತ್ತದೆ ಎಂದು ಅಪ್ಪ ಬೆಂಗಳೂರಿನ ಆಸ್ಪತ್ರೆಗೆ ಫೋನು ಮಾಡಿ ದಿನ ಗೊತ್ತುಮಾಡಿಯೇ ಬಿಟ್ಟಿದ್ದ.

ಹೆದರಿಕೆ ಇದ್ದದ್ದು ನನಗೊಬ್ಬಳಿಗೇ. ಅತ್ತೆಯ ಬೇಡದಲ್ಲಿ ಯಾವುದು ಉಪಚಾರದ್ದು, ಯಾವುದು ನಿಜವಾದದ್ದು ಎಂದು ಒಂದು ಕಾಲಕ್ಕೆ ಅಡುಗೆಮನೆಯಿಂದಲೇ ಕೇಳಿ ಹೇಳುತ್ತಿದ್ದೆ. ಈಗ ಗೊತ್ತಾಗುತ್ತಿಲ್ಲ. ಜರ್ಮನಿಯಲ್ಲಿ ಭಾಷೆ ಕಲಿತು ಮುಗಿಸುವ ಹೊತ್ತಿಗೆ ನನ್ನ ಆ ಕಿವಿ ಕೆಟ್ಟುಹೋಗಿತ್ತು. ಅದು ಹೇಗೆ ಕೆಟ್ಟಿತು ಎಂದು ಹೇಳದಿದ್ದರೆ ಹುಳದ ಮನೆಯಲ್ಲಿ ನಡೆದದ್ದು ಅರ್ಥವಾಗುವುದಿಲ್ಲ.

ಚಿಕ್ಕವಳಿದ್ದಾಗ ಅತ್ತೆ ನನ್ನನ್ನು ಮುಳಬಾಗಿಲಿನಲ್ಲಿದ್ದ ನೆಂಟರ ಮನೆಗೆ ಕರೆದುಕೊಂಡು ಹೋಗಿದ್ದಳು. ಆ ಮನೆಯಾಕೆ "ಊಟ ಮಾಡ್ತೀಯಾ ಪಾಪಾ?" ಅಂದಳು. ಹಸಿವಾಗಿತ್ತು, "ಹೂಂ" ಅಂದೆ. ಅತ್ತೆ ನಗುತ್ತಲೇ ನನ್ನ ತೊಡೆ ಚಿವುಟಿದಳು, ವಾರವಿಡೀ ಕಪ್ಪಗಿತ್ತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಪಾಠವಾಯಿತು. "ಮೊದಲ್ನೇ ಸಲ ಕೇಳೋದು ಬಾಯಿಮಾತಿಗೆ. ಎರಡ್ನೇ ಸಲ ಕೇಳೋದು ಮರ್ಯಾದೆಗೆ. ಮೂರ್ನೇ ಸಲ ಕೇಳಿದ್ರೆ ಒಳಗೆ ನಿಜವಾಗ್ಲೂ ಅನ್ನ ಐತೆ ಅಂತ. ಆವಾಗ ಹೂಂ ಅನ್ನು. ಮೊದಲ್ನೇ ಸಲಕ್ಕೇ ಹೂಂ ಅಂದ್ರೆ ಅಕ್ಕಿ ಇಲ್ದಿರೋ ಮನೆಯವ್ರು ಏನ್ ಮಾಡ್ಬೇಕು?"

ಅದರಲ್ಲೊಂದು ನ್ಯಾಯವಿತ್ತು, ಈಗಲೂ ಇದೆ ಅನ್ನಿಸುತ್ತದೆ. ಹಾಗಾಗಿ ನಮ್ಮಲ್ಲಿ ಬಡಿಸುವವರು ಬಾಯಿ ಕೇಳುವುದಿಲ್ಲ, ಕೈ ನೋಡುತ್ತಾರೆ. ಸಾಕು ಸಾಕು ಎಂದು ತಟ್ಟೆಗೆ ಅಡ್ಡ ಹಿಡಿದ ಕೈಯಲ್ಲಿ ಬೆರಳುಗಳು ಬಿಡಿಬಿಡಿಯಾಗಿದ್ದರೆ ಸಂದಿಯಲ್ಲೇ ಸಾರು ಬಿಡಬಹುದು. ಬೆರಳು ಒತ್ತಾಗಿ ಕೂಡಿಸಿಕೊಂಡು ಇಡೀ ತಟ್ಟೆಯ ಮೇಲೆ ಬಾಗಿದರೆ ಆಗ ನಿಜವಾಗಿಯೂ ಸಾಕು, ಆದರೂ ಮುದ್ದೆಯಲ್ಲಿ ಅರ್ಧ ಮುರಿದು ಹಾಕಬಹುದು. ಇದರಲ್ಲಿ ಅತ್ತೆಯನ್ನು ಮೀರಿಸುವವರಿರಲಿಲ್ಲ. ಅವಳು ಬಡಿಸಿದ ಪಂಕ್ತಿಯಲ್ಲಿ ಊಟ ಮಾಡಿ ಎದ್ದವರು ಜಗಲಿಯ ಮೇಲೆ ಹಾಗೇ ಒರಗಿಬಿಡುತ್ತಿದ್ದರು.

ಅವಳು ಬಲವಂತ ಮಾಡದಿದ್ದದ್ದು ಹುಳಕ್ಕೆ ಮಾತ್ರ. ರೇಷ್ಮೆ ಹುಳ ಬೆಳೆಯುವಾಗ ನಡುನಡುವೆ ಮೇಯುವುದು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕಬಾರದು. ನನಗೆ ಪಾಪ ಅನ್ನಿಸಿ ಒಂದು ಹಿಡಿ ಹಾಕಲು ಹೋದರೆ ಅತ್ತೆ ಕೈ ಮೇಲೆ ಹೊಡೆಯುತ್ತಿದ್ದಳು.

ನರ್ಸಿಂಗ್ ಮುಗಿಸಿ ಕೋಲಾರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾಲ್ಕಾರು ವರ್ಷ ಕೆಲಸ ಮಾಡಿದೆ. ಜರ್ಮನಿಗೆ ನರ್ಸುಗಳು ಬೇಕಂತೆ ಎಂದು ಜೊತೆಯವರೆಲ್ಲ ಮಾತಾಡುತ್ತಿದ್ದ ಕಾಲ ಅದು. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಜರ್ಮನ್ ಕ್ಲಾಸು ನಡೆಯುತ್ತಿತ್ತು. ಡ್ಯೂಟಿ ಮುಗಿಸಿ ಹೋಗಿ ಕೂತರೆ ಕೆಳಗಿನಿಂದ ಪಫ್ಸಿನ ವಾಸನೆ ಬರುತ್ತಿತ್ತು, ನನಗೆ ಈಗಲೂ ಕೆಲವು ಜರ್ಮನ್ ಪದ ಕೇಳಿದರೆ ಪಫ್ಸು ತಿನ್ನಬೇಕು ಅನ್ನಿಸುತ್ತದೆ. ಅಲ್ಲಿ ಕಲಿತದ್ದು ವಿಮಾನ ಹತ್ತಲಿಕ್ಕೆ ಸಾಕಾಯಿತು. ಮಿಕ್ಕದ್ದನ್ನು ಅಲ್ಲೇ ಹೋಗಿ, ಭಾಷಾ ಶಾಲೆಯಲ್ಲಿ ಓದಿ, ಪರೀಕ್ಷೆ ಪಾಸು ಮಾಡಬೇಕಿತ್ತು. ಪಾಸಾದರೆ ಆಸ್ಪತ್ರೆಯಲ್ಲಿ ನರ್ಸು, ಇಲ್ಲವಾದರೆ ವಾಪಸ್ಸು.

ಹೊರಡುವ ದಿನ ಅತ್ತೆ ಹುರಿಹಿಟ್ಟಿನ ಡಬ್ಬ ಕಟ್ಟಿಕೊಟ್ಟು ಹೇಳಿದಳು: "ಪರದೇಶದವ್ರ ಮನೆ. ಕೊಟ್ಟ ತಕ್ಷಣ ಕೈ ಒಡ್ಬೇಡ. ನಮ್ ಮನೆ ಮರ್ಯಾದೆ ಕಾಪಾಡು." ನಾನು ಕಾಪಾಡಿದೆ. ಬೇರೇನೂ ಸರಿಯಾಗಿ ಮಾಡದಿದ್ದರೂ ಅದೊಂದನ್ನು ಚೆನ್ನಾಗಿ ಕಾಪಾಡಿದೆ.

ನದಿ ದಂಡೆಯ ಒಂದು ಸಣ್ಣ ಊರು ಅದು. ನಿವೃತ್ತಳಾದ ಒಬ್ಬ ಹೆಂಗಸಿನ ಮನೆಯಲ್ಲಿ ನನಗೆ ಕೋಣೆ ಕೊಟ್ಟಿದ್ದರು, ಸಂಜೆಯ ಊಟ ಆಕೆಯದ್ದೇ. ಮೊದಲ ಸಂಜೆ ಆಕೆ ಆಲೂಗಡ್ಡೆಯ ದೊಡ್ಡ ಪಾತ್ರೆಯನ್ನು ಮೇಜಿನ ಮೇಲಿಟ್ಟು, ನಿನಗೆ ಬೇಕಾ ಎಂದು ಕೇಳಿದಳು. ಬೇಕರಿಯ ಮೇಲೆ ಕಲಿತ ಅಚ್ಚುಕಟ್ಟಾದ ಉಚ್ಚಾರದಲ್ಲಿ "ನಾಯ್ನ್, ಡಾಂಕೆ" ಎಂದೆ. ಬೇಡ, ಥ್ಯಾಂಕ್ಸ್. ಆಕೆ ತಲೆಯಾಡಿಸಿ ತಾನು ಬಡಿಸಿಕೊಂಡು ತಿಂದಳು. ನಾನು ಎರಡನೇ ಸಲಕ್ಕಾಗಿ ಕಾಯುತ್ತ, ಮುಖದಲ್ಲಿ ನಗು ಇಟ್ಟುಕೊಂಡು ಕೂತಿದ್ದೆ. ಊಟ ಮುಗಿಸಿ ಆಕೆ ಪಾತ್ರೆಗೆ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟಳು. ಫ್ರಿಜ್ಜಿನ ಬಾಗಿಲು ಮುಚ್ಚಿಕೊಂಡದ್ದನ್ನು ನೋಡಿದಾಗ ನನಗೆ ಅಳುವೇ ಬಂತು.

ಕೋಣೆಗೆ ಹೋಗಿ, ಹಲ್ಲುಜ್ಜುವ ಲೋಟದಲ್ಲಿ ನಲ್ಲಿ ನೀರು ಹಿಡಿದು ಹುರಿಹಿಟ್ಟು ಕಲಸಿಕೊಂಡು ತಿಂದೆ. ಮಾರನೆಯ ದಿನವೂ ಅದೇ ಕಥೆ. ಅದರ ಮಾರನೆಯ ದಿನ ಆಕೆ ಕೇಳುವುದನ್ನೂ ಬಿಟ್ಟಳು, ಪಾಪ ಈ ಹುಡುಗಿಗೆ ನಮ್ಮ ಊಟ ಸೇರುವುದಿಲ್ಲ ಅಂದುಕೊಂಡಿರಬೇಕು. ನಾನೋ, ಇಂಥ ಜಿಪುಣಿಯನ್ನು ಜನ್ಮದಲ್ಲಿ ಕಂಡಿಲ್ಲ ಎಂದು ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ. ಅಮ್ಮನಿಗೆ ಫೋನಿನಲ್ಲಿ, ಊಟ ಚೆನ್ನಾಗಿದೆ, ದಪ್ಪಗಾಗಿದ್ದೀನಿ ಎಂದು ಹೇಳುತ್ತಿದ್ದೆ.

ಹೊಟ್ಟೆಯದ್ದು ಹೇಗೋ ನಡೆಯಿತು. ಬಾಯಿಯದ್ದು ನಡೆಯಲಿಲ್ಲ. ಕೋಲಾರದ ಆಸ್ಪತ್ರೆಯಲ್ಲಿ ನಾನು ಮಾತಿನ ಮಲ್ಲಿ. ಮುಳಬಾಗಿಲಿನ ಕಡೆಯವರಿಗೆ ತೆಲುಗು, ಪೇಟೆಯವರಿಗೆ ಉರ್ದು, ಕೆ.ಜಿ.ಎಫ್.ನವರಿಗೆ ತಮಿಳು, ಉಳಿದವರಿಗೆ ಕನ್ನಡ. ಯಾವ ಭಾಷೆಯಲ್ಲಿ ಬೇಕಾದರೂ ಗದರಿಸಿ ಇಂಜೆಕ್ಷನ್ ಚುಚ್ಚುತ್ತಿದ್ದೆ. ಜರ್ಮನಿಯಲ್ಲೋ, ಬಚ್ಚಲಿಗೆ ಒಂದು ಮಗ್ಗು ಕೊಳ್ಳಬೇಕೆಂದು ಅಂಗಡಿಗೆ ಹೋಗಿ, ಕೈಯಲ್ಲಿ ನೀರು ಮೊಗೆಯುವ ಹಾಗೆ ಮಾಡಿ ತೋರಿಸಿದರೆ ಅಂಗಡಿಯವಳು ಸೂಪು ಬಡಿಸುವ ಸೌಟು ತಂದುಕೊಟ್ಟಳು. ತಗೊಂಡು ಬಂದೆ. ಬೇಡ ಅನ್ನಲಿಕ್ಕೂ ಸಂಕೋಚ.

ಜನ ನನ್ನೊಡನೆ ಎಳೆ ಮಕ್ಕಳೊಡನೆ ಮಾತಾಡುವಂತೆ ನಿಧಾನವಾಗಿ, ಗಟ್ಟಿಯಾಗಿ ಮಾತಾಡುತ್ತಿದ್ದರು. ಸಿಟ್ಟು ನೆತ್ತಿಗೇರುತ್ತಿತ್ತು. ಆದರೆ ಸಿಟ್ಟನ್ನು ಹೇಳಲಿಕ್ಕೂ ಪದ ಬೇಕಲ್ಲ. ವಾಕ್ಯ ಕಟ್ಟುವ ಹೊತ್ತಿಗೆ ಸಿಟ್ಟು ಬರಿಸಿದವರು ಬಸ್ಸು ಹತ್ತಿ ಹೋಗಿರುತ್ತಿದ್ದರು. ನಾನು ಬೀದಿಯಲ್ಲಿ ಒಬ್ಬಳೇ ನಿಂತು, ಗಾಳಿಗೆ ತೆಲುಗಿನಲ್ಲಿ ಬೈದು ಮನೆಗೆ ಬರುತ್ತಿದ್ದೆ.

ಶಾಲೆಯಲ್ಲಿ ಪರೀಕ್ಷೆಗೆ ಮೊದಲು ಟೀಚರು ಪ್ರತಿಯೊಬ್ಬರನ್ನೂ ಪಕ್ಕಕ್ಕೆ ಕರೆದು, ಇನ್ನೊಂದಿಷ್ಟು ದಿನ ಹೆಚ್ಚಿನ ಪಾಠ ಬೇಕಾ ಎಂದು ಕೇಳಿದರು. ನನಗೆ ಬೇಕಿತ್ತು. ಅಯ್ಯೋ ಬೇಕು ಎಂದು ಕಾಲು ಹಿಡಿಯುವಷ್ಟು ಬೇಕಿತ್ತು. ಆದರೆ ಅವರಿಗೆ ಯಾಕೆ ತೊಂದರೆ, ಇನ್ನೊಮ್ಮೆ ಕೇಳಲಿ ಎಂದುಕೊಂಡು, ಬೇಡ ಬೇಡ ಅಂದೆ. ಒಳ್ಳೆಯದು ಎಂದು ನಕ್ಕು ಅವರು ಮುಂದಿನವರನ್ನು ಕರೆದರು. ಆ ಪರೀಕ್ಷೆಯಲ್ಲಿ ನಾನು ಫೇಲಾದೆ, ಇನ್ನೊಂದು ಸಲ ಬರೆಯಲು ಮಾತ್ರ ಅವಕಾಶವಿತ್ತು. ಊರಿನ ಶಾಲೆಯಲ್ಲಿ ಯಾವತ್ತೂ ಫೇಲಾಗದವಳು.

ಫಲಿತಾಂಶ ಬಂದ ದಿನ ನಮ್ಮ ಕ್ಲಾಸಿನಲ್ಲಿದ್ದ ಇರಾನಿನ ಒಬ್ಬ ಹೆಂಗಸು ತನ್ನ ಡಬ್ಬಿ ತೆಗೆದು ನನ್ನ ಮುಂದೆ ಹಿಡಿದಳು. ಖರ್ಜೂರ ತುಂಬಿದ ರೊಟ್ಟಿಯಂಥದ್ದು ಏನೋ. ಬೇಡ ಅಂದೆ. ತಗೋ ಅಂದಳು. ಬೇಡ ಅಂದೆ. ತಗೋ ಎಂದು ಡಬ್ಬಿಯನ್ನು ನನ್ನ ಎದೆಗೆ ಒತ್ತಿದಳು. ನಾನು ತಗೊಂಡು ಬಾಯಿಗಿಟ್ಟು, ಹಾಗೇ ಬಿಕ್ಕಿ ಬಿಕ್ಕಿ ಅಳಲು ಶುರುಮಾಡಿದೆ. ಅವಳಿಗೆ ಎಲ್ಲ ಅರ್ಥವಾಯಿತು. ಅವಳ ಊರಿನಲ್ಲೂ ಮೂರು ಸಲವಂತೆ. ಅರೆಬರೆ ಜರ್ಮನ್ನಿನಲ್ಲಿ, ಬೆರಳೊಂದನ್ನು ನನ್ನ ಮೂಗಿನ ಮುಂದೆ ಎತ್ತಿ ಹೇಳಿದಳು: "ಇಲ್ಲಿ ಒಂದೇ ಸಲ. ಒಂದು. ಆಮೇಲೆ ಇಲ್ಲ."

ಅವತ್ತಿನಿಂದ ನಾನು ನಿಜವಾಗಿ ಜರ್ಮನ್ ಕಲಿಯಲು ಶುರುಮಾಡಿದೆ. ಸಂಜೆ ಮನೆಯಾಕೆ ತಾನೊಬ್ಬಳೇ ಸೂಪು ಬಡಿಸಿಕೊಳ್ಳುತ್ತಿದ್ದಾಗ ಎದುರಿಗೆ ಹೋಗಿ ನಿಂತು, "ನನಗೂ ಬೇಕು" ಅಂದೆ. ಕಿವಿ ಬಿಸಿಯಾಯಿತು, ತೊಡೆ ಚಿವುಟಿದಂತಾಯಿತು. ಆಕೆಗೆ ಆದ ಸಂತೋಷ ನೋಡಬೇಕಿತ್ತು. ಮೂರು ಬಟ್ಟಲು ಕುಡಿದೆ. ನಾಲ್ಕನೆಯದಕ್ಕೆ ಸಾಕು ಅಂದೆ, ಆಕೆ ತಕ್ಷಣ ಸೌಟು ಕೆಳಗಿಟ್ಟಳು. ಸಾಕು ಅಂದದ್ದಕ್ಕೆ ಸಾಕಾದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಎರಡನೇ ಸಲ ಪರೀಕ್ಷೆ ಪಾಸಾಗಿ ಆಸ್ಪತ್ರೆ ಸೇರಿದೆ. ಅಲ್ಲೊಬ್ಬ ಮುದುಕರು ಮಧ್ಯಾಹ್ನದ ಊಟ ಬೇಡ ಅಂದರು. ಪಾಸಾಗಿದ್ದರೂ ನನ್ನ ಕೈ ಹೋಳೂರಿನದ್ದೇ. ಒಂದೇ ಒಂದು ಚಮಚ, ಇನ್ನೊಂದೇ ಒಂದು ಎಂದು ಬಾಯಿಯ ಹತ್ತಿರ ಹಿಡಿದೆ. ಅವರು ಮುಖ ತಿರುಗಿಸಿದರು, ಆ ಕಡೆಗೂ ಹಿಡಿದೆ. ಹಿರಿಯ ನರ್ಸು ನನ್ನನ್ನು ಹೊರಗೆ ಕರೆದು, ಅವರು ಬೇಡ ಅಂದದ್ದು ನಿನಗೆ ಕೇಳಿಸಲಿಲ್ಲ ಎಂದಳು. ಕೇಳಿಸಿತು ಎಂದೆ. ಇಲ್ಲ, ಕೇಳಿಸಲಿಲ್ಲ ಎಂದಳು. ಉಣ್ಣಿಸುವುದು ತಪ್ಪಾ, ಇವರಿಗೆ ಕರುಳೇ ಇಲ್ಲ ಎಂದು ನನಗೆ ಉರಿಯಿತು.

ಆಮೇಲೆ ಆಕೆಯೇ ಕಲಿಸಿದಳು. ಮಂಚದ ಪಕ್ಕ ಕೂರಬೇಕು, ಅವರ ಕಣ್ಣಿನ ಮಟ್ಟಕ್ಕೆ. ಇರುವುದನ್ನೆಲ್ಲ ಮುಚ್ಚಿಡದೆ ಹೇಳಬೇಕು. ಒಂದೇ ಸಲ, ತಿಳಿಯಾಗಿ ಕೇಳಬೇಕು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಈ ಕೊನೆಯದ್ದು ನನಗೆ ಜರ್ಮನ್ನಿನಲ್ಲಿ ಎಲ್ಲಕ್ಕಿಂತ ಕಷ್ಟವಾದ ಪಾಠ. ಬರಬರುತ್ತಾ ಅದು ರೂಢಿಯಾಯಿತು, ರೂಢಿಯಾದ ಮೇಲೆ ಹಿತವೂ ಆಯಿತು. ಯಾರೂ ನನ್ನನ್ನು ಎಳೆದಾಡುತ್ತಿರಲಿಲ್ಲ, ನಾನೂ ಯಾರನ್ನೂ ಎಳೆದಾಡಬೇಕಿರಲಿಲ್ಲ.

ಇದನ್ನೆಲ್ಲ ಅತ್ತೆಗೆ ಫೋನಿನಲ್ಲಿ ಹೇಳಿದ್ದೆ. ಮೊದಲು ಅವಳಿಗೆ ನಗುವೋ ನಗು. "ಪಾಪ, ಒಂದ್ಸಲ ಕೇಳಿ ಬಿಟ್ಬಿಡ್ತಾರಾ? ಅವ್ರ ಮನೆಗಳಲ್ಲಿ ದೊಡ್ಡೋರು ಯಾರೂ ಇಲ್ವೇನೆ?" ಆಮೇಲೆ ಪ್ರತಿ ಸಲ ಫೋನು ಮಾಡಿದಾಗಲೂ ಅದನ್ನೇ ಕೇಳುತ್ತಿದ್ದಳು. "ಬೇಡ ಅಂದ್ರೆ ಬಿಟ್ಟೇ ಬಿಡ್ತಾರಾ? ಹೆಂಗಸ್ರು ಅಂದ್ರೂನಾ? ಬೇಜಾರ್ ಮಾಡ್ಕೊಳಲ್ವಾ?" ಒಂದು ದಿನ ಹೀಗೇ ಮಾತಿನ ನಡುವೆ, "ನಾನ್ ಮದ್ವೇಗೂ ಬೇಡ ಅಂದಿದ್ದೆ ಕಣೇ. ಯಾರ್ ಬಿಟ್ರು? ಹುಡ್ಗಿ ನಾಚ್ಕೊಂತಾ ಅವ್ಳೆ ಅಂದ್ಬಿಟ್ರು" ಎಂದು ನಕ್ಕಳು. ನಾನೂ ನಕ್ಕೆ. ಡ್ಯೂಟಿಗೆ ಹೊತ್ತಾಗಿತ್ತು, ಫೋನು ಇಟ್ಟೆ.

ಇಷ್ಟು ಹಿಂದಿನ ಕಥೆ. ಈಗ ಅಪ್ಪ ಕಳಿಸಿದ ಆ ಮಧ್ಯಾಹ್ನ ನಾನು ಹುಳದ ಮನೆಯ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಅತ್ತೆ ಎಳೆ ಹುಳಕ್ಕೆ ಸೊಪ್ಪು ಸಣ್ಣಗೆ ಹೆಚ್ಚುತ್ತಿದ್ದಳು. ಸೀರೆ ಮೈಮೇಲೆ ನಿಲ್ಲದಷ್ಟು ಇಳಿದುಹೋಗಿದ್ದಳು, ಕುಡುಗೋಲು ಹಿಡಿದ ಕೈ ಮಾತ್ರ ಹಾಗೇ ಇತ್ತು. ಈ ಸಲ ಹುಳ ಸಾಕುವುದು ಬೇಡ, ಸುಮ್ಮನಿರು ಅಂದರೆ ಕೇಳಿರಲಿಲ್ಲ.

"ಅತ್ತೆ, ಆಪರೇಷನ್ ಮಾಡಿಸ್ಕೊಳ್ಳೇ" ಅಂದೆ.

"ವದ್ದಮ್ಮಾ" ಅಂದಳು. ಬೇಡಮ್ಮಾ ಎಂದು, ತೆಲುಗಿನಲ್ಲಿ. ತಲೆ ಎತ್ತಲಿಲ್ಲ.

ನಾನು ಅವಳ ಕೈ ನೋಡಿದೆ. ಬೆರಳು ಬಿಡಿಯಾಗಿವೆಯೋ ಕೂಡಿಕೊಂಡಿವೆಯೋ ಎಂದು ಚಿಕ್ಕವಳಂತೆ ನೋಡಿದೆ. ಬೆರಳ ತುಂಬ ಸೊಪ್ಪು ಹಿಡಿದಿದ್ದಳು, ಏನೂ ಗೊತ್ತಾಗಲಿಲ್ಲ. ಇನ್ನೊಮ್ಮೆ ಕೇಳಿದರೆ ಹೂಂ ಅನ್ನಬಹುದು. ಕಣ್ಣಿನ ಆಪರೇಷನ್ನಿಗೆ ಹೋದಂತೆ ಹೋಗಿ ಕಾರಿನಲ್ಲಿ ಕೂರಬಹುದು. ಅಥವಾ ಎಲ್ಲರೂ ಸೇರಿ ಕೂರಿಸಬಹುದು. ಕೂತಳೋ ಕೂರಿಸಿದೆವೋ ಎಂದು ಹೊರಗಿನಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ. ಕಲಿತ ಅಷ್ಟೂ ಭಾಷೆಗಳಲ್ಲಿ ಒಂದೂ ನನ್ನ ಸಹಾಯಕ್ಕೆ ಬರಲಿಲ್ಲ. ಮಗ್ಗು ಕೇಳಲು ಹೋಗಿ ಸೌಟು ಹಿಡಿದು ಬಂದ ದಿನ ಕೂಡ ನಾನು ಇಷ್ಟು ಅಸಹಾಯಕಳಾಗಿರಲಿಲ್ಲ.

"ಯಾಕತ್ತೆ ಬೇಡ? ನಿಜವಾಗ್ಲೂ ಬೇಡ್ವಾ? ನಂಗೆ ಗೊತ್ತಾಗ್ತಾ ಇಲ್ಲ" ಎಂದುಬಿಟ್ಟೆ.

ಅತ್ತೆ ಕುಡುಗೋಲು ಕೆಳಗಿಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಕಡೆ ತಿರುಗಿ ಕೂತಳು. "ಲೇ, ನಿಮ್ಮಪ್ಪ ಕಳ್ಸಿದ್ನಾ?"

"ಹೂಂ."

"ಅವ್ನು ಕೇಳ್ದಂಗೆ ನೀನ್ ಕೇಳ್ಬೇಡ. ಅಲ್ಲಿ ಹೆಂಗ್ ಕೇಳ್ತೀಯ, ಹಂಗ್ ಕೇಳು. ಆ ಊರ್ನಾಗೆ ಮುದುಕೀರ್ನ ಕೇಳ್ತೀನಿ ಅಂತ ಹೇಳ್ತಾ ಇದ್ಯಲ್ಲ. ಒಂದ್ಸಲ. ನಾನೂ ಒಂದೇ ಸಲ ಹೇಳ್ತೀನಿ."

ನನಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ಹಾಗೆ ಕೇಳಿದರೆ ಅವಳು ಹೇಳಿದ್ದನ್ನು ನಾನು ಕೇಳಿಸಿಕೊಳ್ಳಬೇಕಾಗುತ್ತದೆ. ಆದರೂ ಕೂತೆ, ಅವಳ ಕಣ್ಣಿನ ಮಟ್ಟಕ್ಕೆ, ಸೊಪ್ಪಿನ ಕಸದ ಮೇಲೆ. ಗಡ್ಡೆ ಎಲ್ಲಿದೆ, ಆಪರೇಷನ್ನಿನಲ್ಲಿ ಏನೇನು ತೆಗೆಯುತ್ತಾರೆ, ಆಮೇಲೆ ಎಂಥ ಔಷಧ ಕೊಡುತ್ತಾರೆ, ಅದರಿಂದ ಏನಾಗುತ್ತದೆ, ಎಷ್ಟು ಕಾಲ ಸಿಗಬಹುದು, ಸಿಗದೆಯೂ ಇರಬಹುದು, ಮಾಡಿಸದಿದ್ದರೆ ಏನಾಗುತ್ತದೆ, ನೋವು ಬಂದರೆ ಏನು ಮಾಡಬಹುದು, ಎಲ್ಲ ಹೇಳಿದೆ. ನಮ್ಮೂರಿನ ಮಾತಿನಲ್ಲೇ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದೆ. ಅಲ್ಲಿಯ ತನಕ ಯಾರೂ ಅವಳಿಗೆ ಪೂರ್ತಿ ಹೇಳಿರಲಿಲ್ಲ. ಡಾಕ್ಟರು ಅಪ್ಪನಿಗೆ ಹೇಳಿದ್ದರು, ಅಪ್ಪ ಅವಳಿಗೆ, ಸಣ್ಣ ಗಡ್ಡೆ, ತೆಗೆದರೆ ಸರಿಹೋಗುತ್ತದೆ ಅಂದಿದ್ದ. ಅತ್ತೆ ಒಂದೊಂದಕ್ಕೂ ತಲೆಯಾಡಿಸುತ್ತ ಕೇಳಿದಳು. ನೋವಿನ ವಿಷಯ ಎರಡು ಸಲ ಕೇಳಿ ತಿಳಿದುಕೊಂಡಳು.

ಆಮೇಲೆ ಕೇಳಿದೆ. "ಆಪರೇಷನ್ ಬೇಕಾ ಅತ್ತೆ?"

ಬಾಯಿ ಮುಚ್ಚಿಕೊಂಡೆ. ಬೇಕು ಅನ್ನು, ಬೇಕು ಅನ್ನು ಎಂದು ಒಳಗೆ ಬಡಿದುಕೊಳ್ಳುತ್ತಿತ್ತು. ಅತ್ತೆ ಆತುರಪಡಲಿಲ್ಲ. ಇಷ್ಟು ಹೊತ್ತು ಅವಳ ಉತ್ತರಕ್ಕೆ ಯಾರೂ ಯಾವತ್ತೂ ಕಾದಿರಲಿಲ್ಲ ಅನ್ನಿಸುತ್ತದೆ.

"ಬೇಡ" ಅಂದಳು.

ಅಷ್ಟೇ. ಅಮ್ಮಾ ಅನ್ನಲಿಲ್ಲ, ಕಣೇ ಅನ್ನಲಿಲ್ಲ, ನಗಲಿಲ್ಲ, ನಿಮಗ್ಯಾಕೆ ತೊಂದರೆ ಅನ್ನಲಿಲ್ಲ. ಆಮೇಲೆ ನನ್ನ ಗಲ್ಲ ಹಿಡಿದು ಅಲ್ಲಾಡಿಸಿ, "ಹುಳ ತಲೆ ಎತ್ತಿ ಕೂತ್ರೆ ನಾನ್ ಸೊಪ್ಪು ಹಾಕಿದ್ ನೋಡಿದ್ಯಾ?" ಎಂದಳು. ಮತ್ತೆ ಕುಡುಗೋಲು ತಗೊಂಡು ಸೊಪ್ಪಿನ ಕಡೆ ತಿರುಗಿದಳು.

ನಾನು ಹೊರಗೆ ಬಂದೆ. ಅಪ್ಪ ಅಂಗಳದಲ್ಲಿ ಕಾಯುತ್ತಿದ್ದ. ಅಮ್ಮ ಮನೆಯ ಬಾಗಿಲ ಹತ್ತಿರ ಇದ್ದಳು, ಆಗಲೇ ಅತ್ತೆಯ ಬಟ್ಟೆ ಜೋಡಿಸಿದ ಬ್ಯಾಗು ಜಗಲಿಯ ಮೇಲಿತ್ತು.

"ಏನಂದ್ಳು?"

"ಬೇಡ ಅಂದ್ಳು."

ಅಪ್ಪ ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದ. "ಅದು ಗೊತ್ತಿರೋದೇ ಬಿಡು. ಇನ್ನೊಂದ್ಸಲ ಕೇಳ್ಬೇಕಿತ್ತು."

"ಇಲ್ಲಪ್ಪ. ಕೇಳಿದ್ದಾಯ್ತು. ಪೂರ್ತಿ ಹೇಳಿ ಕೇಳ್ದೆ. ಬೇಡ್ವಂತೆ."

ಅವನ ನಗು ಹಾಗೇ ಮುಖದ ಮೇಲೆ ಉಳಿದು, ಆಮೇಲೆ ಹೋಯಿತು. "ನೀನು ನರ್ಸಾಗಿ ಹಿಂಗಂತೀಯಾ? ನಿನ್ನ ಸಾಕಿದವ್ಳು ಕಣೇ ಅವ್ಳು! ಆ ದೇಶಕ್ಕೋಗಿ ಕಲ್ತಿದ್ದು ಇದೇನಾ?" ಅಂದ. ಹೌದು, ಇದನ್ನೇ ಕಲಿತದ್ದು. "ಬಿಡು, ನಾನೇ ಕೇಳ್ತೀನಿ" ಎಂದು ಅಪ್ಪ ಹುಳದ ಮನೆಯ ಕಡೆ ಹೊರಟ.

ಅವಳು ಬದುಕಬೇಕು ಎಂದು ಆ ಅಂಗಳದಲ್ಲಿ ಎಲ್ಲರಿಗಿಂತ ಹೆಚ್ಚು ಆಸೆ ಇದ್ದದ್ದು ನನಗೆ. ಅಪ್ಪ ಕೇಳಿದರೆ ಹೂಂ ಅಂದರೂ ಅಂದಾಳು ಎಂಬ ಆಸೆಯೂ ಇತ್ತು. ಆದರೂ ಅವನಿಗಿಂತ ಮುಂದೆ ಹೋಗಿ, ಬಾಗಿಲಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತೆ. ಒಳಗೆ ಸೊಪ್ಪು ಹೆಚ್ಚುವ ಸದ್ದು ನಿಂತಿತು. ಅಪ್ಪ ನನ್ನನ್ನು ನೋಡುತ್ತ ನಿಂತ, ನಾನು ಅಳುತ್ತ ಅವನನ್ನು ನೋಡುತ್ತ ನಿಂತೆ. ಕೊನೆಗೆ ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಜಗಲಿಯ ಕಡೆ ತಿರುಗಿದ. ಆಗ ನನ್ನ ಬೆನ್ನ ಹಿಂದೆ ಅತ್ತೆ ಮತ್ತೆ ಸೊಪ್ಪು ಹೆಚ್ಚಲು ಶುರುಮಾಡಿದಳು.